ಕೂರಲು ಬಂದ ಸೊಸೆ

ನಮ್ಮೂರಿನಲ್ಲಿ ಕೂತು ಮಾಡುವ ಕೆಲಸ ಅಂತ ಇದ್ದದ್ದು ಒಂದೇ, ಹೊಲಿಗೆ. ಅದನ್ನು ಮಾಡುತ್ತಿದ್ದವಳು ನಾನೊಬ್ಬಳೇ. ಕಾಲು ಮಿಷನ್ ತುಳಿಯುತ್ತಲೇ ಇರುತ್ತದಲ್ಲ, ಹಾಗಾಗಿ ನೆತ್ತರಿಗೆ ಗಟ್ಟಿಯಾಗಲು ಪುರುಸೊತ್ತೇ ಸಿಗುವುದಿಲ್ಲ. ಮಿಕ್ಕವರೆಲ್ಲ ನಡೆಯುತ್ತಲೇ ಬದುಕಬೇಕು. ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಅಲುಗಾಡದೆ ಕೂತರೆ ನಮ್ಮವರ ಕಾಲಿನ ನೆತ್ತರು ಕೆನೆಗಟ್ಟುತ್ತದೆ. ಇನ್ನೊಂದು ಪಾವು ಬೇಯುವಷ್ಟು ಹೊತ್ತು ಕೂತರೆ ಹೆಪ್ಪಾಗುತ್ತದೆ. ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ.

ಇದನ್ನು ದೊಡ್ಡ ಕಷ್ಟ ಅಂತ ನಾವು ಯಾರೂ ಅಂದುಕೊಂಡವರಲ್ಲ. ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಾ ಬೇವಿನ ಮರವನ್ನು ಸುತ್ತುತ್ತಾರೆ, ಮೇಷ್ಟ್ರು ಎದುರು ದಿಕ್ಕಿನಿಂದ ಸುತ್ತುತ್ತಾರೆ, ಸುತ್ತಿಗೊಂದು ಸಲ ಪ್ರತಿ ಮಗುವಿನ ಕಿವಿಯೂ ಅವರ ಕೈಗೆ ಸಿಗುತ್ತದೆ. ಪಂಚಾಯ್ತಿ ಕೆರೆ ಏರಿಯ ಮೇಲೆ ನಡೆಯುತ್ತದೆ. ಎಂಥಾ ಜಗಳವಾದರೂ ಎರಡು ಸುತ್ತಿನಲ್ಲಿ ತೀರ್ಮಾನ, ಮೂರನೇ ಸುತ್ತಿಗೆ ಯಾರಿಗೂ ಬಾಯಿರುವುದಿಲ್ಲ. ನಮ್ಮ ಬಸ್ಸಿನಲ್ಲಿ ಸೀಟಿಲ್ಲ. ಮಲಗಿದಾಗ ಗಂಡ ಹೆಂಡತಿಯನ್ನು ತಿವಿಯುತ್ತಾನೆ, ಹೆಂಡತಿ ಗಂಡನನ್ನು ತಿವಿಯುತ್ತಾಳೆ, ಇಬ್ಬರೂ ಮಗ್ಗುಲಾಗುತ್ತಾರೆ. ಹಿಂದಿನ ಬೀದಿಯ ಹೊನ್ನಾಜಮ್ಮ ಗಂಡ ತೀರಿಕೊಂಡ ಮೇಲೆ ತನ್ನ ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಎಮ್ಮೆಗರುವಿನ ಕೊರಳಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಕರು ಜಗ್ಗಿದಾಗೆಲ್ಲ ಇವಳು ಹೊರಳುತ್ತಿದ್ದಳು. "ನಮ್ಮೆಜಮಾನ್ರಿಗಿಂತ ಇದೇ ವಾಸಿ ಕಣೇ. ಗೊರಕೆ ಹೊಡಿಯಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಳು.

ಅವಳ ಯಜಮಾನ ತೀರಿಕೊಂಡದ್ದು ಪಗಡೆ ಆಡುತ್ತಾ. ಕೂತಿದ್ದು ಮರೆತೇಹೋಗಿತ್ತಂತೆ ಪುಣ್ಯಾತ್ಮನಿಗೆ. ಬೇಕಾದ ಗರ ಬಿದ್ದಿತ್ತು, ಕಾಯಿ ನಡೆಸಿದ್ದರೆ ಆಟ ಅವನದೇ ಆಗಿತ್ತು, ಕೈ ಮೇಲೇಳಲಿಲ್ಲ. ಹೊನ್ನಾಜಮ್ಮ ನಕ್ಕು ಮಾತಾಡಿದರೂ ಯಾರಾದರೂ ಕೂತದ್ದನ್ನು ಕಂಡರೆ ಅವಳ ಮುಖದಲ್ಲಿ ಆ ಪಗಡೆ ಹಾಸು ಕಾಣಿಸುತ್ತಿತ್ತು.

ಆದರೂ ಕೂರಲೇಬೇಕಾದ ದಿನಗಳು ಮನುಷ್ಯನಿಗೆ ಬರುತ್ತವೆ. ಹಸೆಮಣೆ ಇರುತ್ತದೆ, ಸಾವಿನ ಮನೆ ಇರುತ್ತದೆ, ಮುರಿದ ಕಾಲಿರುತ್ತದೆ. ಅದಕ್ಕೇ ಉಣುಗು. ದನದ ಕಿವಿಯ ಹಿಂದೆ ಕಚ್ಚಿಕೊಂಡು ನೆತ್ತರು ಕುಡಿಯುತ್ತದಲ್ಲ, ಅದೇ ಹುಳ. ಅದನ್ನು ಮೀನಖಂಡದ ಮೇಲೆ ಕೂರಿಸಿಕೊಂಡರೆ ಎಂಟು ದಿನ ಮನುಷ್ಯನೂ ಧಾರಾಳವಾಗಿ ಕೂರಬಹುದು. ಊರಿಗೆಲ್ಲ ಉಣುಗು ಕೂರಿಸುತ್ತಿದ್ದವಳೂ ನಾನೇ. ಮಿಷನ್ ಪಕ್ಕದ ಗೋಡೆಗೆ ಬಿದಿರಿನ ಕೊಳವೆಗಳನ್ನು ತೂಗುಹಾಕಿದ್ದೇನೆ, ತಳದಲ್ಲಿ ಒದ್ದೆ ಎಲೆ, ಬಾಯಿಗೆ ತೆಳು ಮಲ್‌ಮಲ್ ಬಟ್ಟೆ. ಒಂದು ಸಲ ಉಸಿರು ಬಿಟ್ಟರೆ ಸಾಕು, ಒಳಗೆ ಹಸಿದವು ಎದ್ದು ಮುಂಗಾಲು ಚಾಚುತ್ತವೆ. ಕೂರಿಸುವಾಗ ಎಳ್ಳಿನಷ್ಟಿರುತ್ತದೆ. ಎಂಟನೇ ದಿನ ಹೊಟ್ಟೆ ತುಂಬಿ ಹರಳುಬೀಜದಷ್ಟಾಗಿ ತಾನೇ ಇಳಿಯುತ್ತದೆ. ಅದನ್ನು ಎಲೆಯಲ್ಲಿ ಸುತ್ತಿ ತಂದು ನನಗೆ ಒಪ್ಪಿಸಬೇಕು, ಮಡಕೆಯಲ್ಲಿ ಮೊಟ್ಟೆಯಿಟ್ಟು ಅದು ತನ್ನ ದಾರಿ ಹಿಡಿಯುತ್ತದೆ. ನಡುವೆ ಕಿತ್ತು ತೆಗೆಯುವ ಹಾಗಿಲ್ಲ. ಕುಡಿಯುತ್ತಿರುವ ಉಣುಗನ್ನು ಕೀಳುವುದೆಂದರೆ ನಮ್ಮಲ್ಲಿ ಊಟದ ಎಲೆಯ ಮುಂದಿನಿಂದ ನೆಂಟರನ್ನು ಎಬ್ಬಿಸಿದ ಹಾಗೆ.

ನನಗೆ ಈ ವಿದ್ಯೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಲಿಗೆಯೂ ಹೇಳಿಕೊಟ್ಟದ್ದಲ್ಲ, ಓದೂ ಹೇಳಿಕೊಟ್ಟದ್ದಲ್ಲ. ಅಳತೆಯ ಕಾಗದ ಕತ್ತರಿಸಲು ಹಳೇ ಪತ್ರಿಕೆ ತರಿಸುತ್ತೇನೆ. ಕತ್ತರಿಸುವ ಮುಂಚೆ ಓದಿಬಿಡುತ್ತೇನೆ, ಅಷ್ಟೇ ನನ್ನ ಶಾಲೆ. ಒಂದು ಸಲ ಹೊನ್ನಾಜಮ್ಮನ ಕುಪ್ಪಸಕ್ಕೆ ಅವಸರದಲ್ಲಿ ಕತ್ತರಿ ಹಾಕಿದ ಮೇಲೆ ನೋಡುತ್ತೇನೆ, ಆ ಹಾಳೆಯಲ್ಲಿ ಉಣುಗಿನ ಚಿತ್ರ! ಉಣುಗಿನ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆಯಂತೆ. ಎಲ್ಲರ ನೆತ್ತರಲ್ಲೂ ಕತ್ತರಿಯಂಥದ್ದೊಂದು ಇರುತ್ತದಂತೆ. ಗಾಯವಾದಾಗ ಅದು ಎದ್ದು ನೆತ್ತರಲ್ಲಿ ಕರಗಿರುವ ವಸ್ತುವನ್ನು ಕತ್ತರಿಸಿ ಎಳೆ ಮಾಡುತ್ತದೆ, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ, ಅದೇ ಹೆಪ್ಪು. ಉಣುಗಿಗೆ ಹೆಪ್ಪಾದರೆ ಕುಡಿಯುವುದು ಹೇಗೆ? ಅದಕ್ಕೆ ಜೊಲ್ಲಿನ ಪ್ರೋಟೀನು ಹೋಗಿ ಕತ್ತರಿಯ ಬಾಯಿಗೆ ಚಿಂದಿ ತುರುಕಿದ ಹಾಗೆ ಕೂತುಬಿಡುತ್ತದೆ. ಓದಿ ನನಗೆ ರೋಮಾಂಚನವಾಯಿತು, ನನ್ನ ಕೆಲಸದ ಭಾಷೆಯಲ್ಲೇ ಬರೆದಿದ್ದಾರಲ್ಲ ಅಂತ. ಮುಂದೆ "ಆದರೆ ಸಾಮಾನ್ಯರ ರಕ್ತದಲ್ಲಿ" ಅಂತ ಇತ್ತು. ಅಲ್ಲಿಂದ ಕುಪ್ಪಸದ ಕತ್ತು ಶುರುವಾಗುತ್ತಿತ್ತು. ಕತ್ತರಿಸಿದ ತುಂಡು ಒಲೆಗೆ ಹೋಗಿತ್ತು. ಹೊನ್ನಾಜಮ್ಮ ಕತ್ತು ಅಗಲ ಬೇಕೇ ಬೇಕು ಅಂತ ಹಟ ಹಿಡಿಯದಿದ್ದರೆ ನನಗೆ ಇನ್ನೂ ಎರಡು ಸಾಲು ಗೊತ್ತಿರುತ್ತಿತ್ತು. ಹೋಗಲಿ ಬಿಡು, ಸಿಕ್ಕಿದಷ್ಟೇ ಬೇಕಾದಷ್ಟಾಯಿತು ಅಂದುಕೊಂಡೆ.

ಇನ್ನೊಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಹಿರಿಯರ ಕಾಲಿಗೆ ಬಿದ್ದರೆ "ನಿನ್ನ ನೆತ್ತರು ಹರೀಲಿ" ಅಂತ ಹರಸುತ್ತಾರೆ. ಶಾಪ ಹಾಕುವಾಗ "ನಿನ್ನ ನೆತ್ತರು ನಿಂತುಹೋಗ" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಮಗೆ ಗೊತ್ತಿಲ್ಲ. ಬಚ್ಚಲು ನೀರಿನ ಜಗಳದಲ್ಲಿ ಹೊನ್ನಾಜಮ್ಮ ಪಕ್ಕದ ಮನೆಯವಳಿಗೆ ಅದನ್ನು ಅಂದುಬಿಟ್ಟದ್ದಕ್ಕೆ ಪಂಚಾಯ್ತಿಯವರು ಅವಳಿಂದ ಕೆರೆ ಏರಿ ಏಳು ಸುತ್ತು ಹಾಕಿಸಿದ್ದರು.

ಈ ಹೊನ್ನಾಜಮ್ಮನ ಮಗ ಸಿದ್ಧರಾಜು ನದಿಯಾಚೆಯ ಊರಿನಿಂದ ಹೆಣ್ಣು ತಂದ. ಹುಡುಗಿಯ ಹೆಸರು ಚಂಪಾ. ಒಳ್ಳೇ ಹುಡುಗಿ, ಒಂದೇ ದೋಷ, ಎಲ್ಲೆಂದರಲ್ಲಿ ಕೂರುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೂರುತ್ತಿದ್ದಳು, ಜಗಲಿಯ ಮೇಲೆ ಕೂರುತ್ತಿದ್ದಳು, ಅಂಗಡಿ ಮೆಟ್ಟಿಲ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿದ್ದಳು. ಹೋಗುವವರು ಎದೆ ಒಡೆದುಕೊಂಡು "ಅಯ್ಯೋ ಏಳವ್ವ, ಏಳವ್ವ" ಅಂತ ರಟ್ಟೆ ಹಿಡಿದು ಎತ್ತುತ್ತಿದ್ದರು. ಅವಳು ಎದ್ದು, ಅವರು ಮರೆಯಾಗುವ ತನಕ ನಿಂತಿದ್ದು, ಮತ್ತೆ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಹೊನ್ನಾಜಮ್ಮ ಅವಳನ್ನು ನನ್ನ ಅಂಗಡಿಗೆ ಎಳೆದುಕೊಂಡು ಬಂದಳು.

"ಲಚ್ಚಕ್ಕಾ, ಇವಳಿಗೊಂದು ಉಣುಗು ಕೂರಿಸು. ಈಗಲೇ ಕೂರಿಸು" ಅನ್ನುತ್ತಾ ಕತ್ತರಿಸುವ ಮೇಜನ್ನು ಸುತ್ತತೊಡಗಿದಳು. ಅಷ್ಟರಲ್ಲಿ ಚಂಪಾ ಹೊಸ್ತಿಲ ಮೇಲೆ ಕೂತಾಗಿತ್ತು. "ನೋಡು ನೋಡು, ಮತ್ತೆ ಕೂತಳು! ನನ್ನ ಜೀವ ತೆಗೆಯೋಕೇ ಬಂದವಳೆ."

"ಅತ್ತೆ, ನಂಗೇನೂ ಆಗಲ್ಲ ಅಂತ ಎಷ್ಟು ಸಲ ಹೇಳ್ಲಿ? ನಮ್ಮೂರಲ್ಲಿ ಎಲ್ರೂ ಕೂರ್ತಾರೆ. ನಮ್ಮಜ್ಜಿ ಹನ್ನೊಂದು ವರ್ಷದಿಂದ ಒಂದೇ ಜಗಲಿ ಮೇಲೆ ಕೂತವ್ರೆ."

"ಅದಕ್ಕೇ ಪಾಪ ಹೋಗ್ಬಿಟ್ರು."

"ಎಲ್ಲಿ ಹೋದ್ರು? ಮೊನ್ನೆ ತಾನೆ ಹುಣಸೆಹಣ್ಣು ಕುಟ್ಟಿ ಕಳ್ಸಿದ್ರಲ್ಲ. ನೀವೇ ಸಾರಿಗೆ ಹಾಕಿದ್ರಿ."

ಹೊನ್ನಾಜಮ್ಮ ಮೇಜನ್ನು ಮತ್ತೆ ಸುತ್ತತೊಡಗಿದಳು. ಎರಡನೇ ಸುತ್ತಿನಲ್ಲಿ ಅವಳ ದನಿ ಇಳಿದಿತ್ತು. "ಇವಳು ಕೂತ್ಕೊಂಡಾಗೆಲ್ಲ ನನ್ನ ಕಣ್ಣಿಗೆ ಅವರೇ ಕಾಣ್ತಾರೆ ಲಚ್ಚಕ್ಕ. ಒಂದು ಉಣುಗು ಇದ್ರೆ ನಾನು ನೆಮ್ಮದಿಯಾಗಿ ಓಡಾಡ್ಕೊಂಡಿರ್ತೀನಿ."

ಆ ಮಾತು ಕೇಳಿ ಚಂಪಾ ತಾನಾಗಿಯೇ ಸೀರೆಯ ಅಂಚು ಮೇಲೆತ್ತಿ ಮೀನಖಂಡ ಮುಂದೆ ಚಾಚಿದಳು. ಆಮೇಲೆ ನನ್ನನ್ನು ನೋಡಿ, "ಲಚ್ಚಕ್ಕ, ಹೊರಗಿನೋರಿಗೆ ಇದನ್ನ ಯಾವತ್ತಾದ್ರೂ ಕೂರ್ಸಿದ್ದೀರಾ?" ಅಂತ ಕೇಳಿದಳು.

ಯಾವತ್ತೂ ಕೂರಿಸಿರಲಿಲ್ಲ. ಹೊರಗಿನವರು ನಮ್ಮೂರಿಗೆ ಬರುವುದೇ ಅಪರೂಪ, ಬಂದವರೂ ಸುತ್ತಿ ಸುತ್ತಿ ಸುಸ್ತಾಗಿ ಸಂಜೆ ಬಸ್ಸಿಗೆ ಹೊರಟುಬಿಡುತ್ತಾರೆ. ಆದರೆ ನನಗೆ ನನ್ನ ಕೈಯ ಮೇಲೆ ಬಲು ನಂಬಿಕೆ. "ನಾಲ್ಕು ಸಾವಿರ ಕಾಲು ನೋಡಿರೋ ಕೈ ಇದು, ನಿನ್ನದೊಂದು ಹೆಚ್ಚಾ?" ಅಂದೆ. ಬಿಸಿನೀರಲ್ಲಿ ಕಾಲು ಒರೆಸಿ, ಕೊಳವೆಗೆ ಉಸಿರು ಬಿಟ್ಟು, ಎಲ್ಲಕ್ಕಿಂತ ಚುರುಕಾಗಿ ಮುಂಗಾಲು ಚಾಚಿದ್ದನ್ನೇ ಆರಿಸಿ ಕೂರಿಸಿದೆ. ಆ ಕತ್ತರಿಸಿದ ಕತ್ತಿನ ಕಾಗದ ನನ್ನ ತಲೆಯ ಮೇಲೇ ಮೊಳೆಗೆ ನೇತಾಡುತ್ತಿತ್ತು. ನಾನು ತಲೆಯೆತ್ತಿ ನೋಡಲಿಲ್ಲ.

ಮೂರು ದಿನ ಎಲ್ಲರಿಗೂ ಸುಖವಾಗಿತ್ತು. ಚಂಪಾ ಕೂತರೆ ಈಗ ಯಾರೂ ಎಬ್ಬಿಸುತ್ತಿರಲಿಲ್ಲ. ಅವಳು ನನ್ನ ಅಂಗಡಿಗೆ ಬಂದು ಹೊಲಿಗೆ ಕಲಿಯತೊಡಗಿದಳು. ನಾನು ಮಿಷನ್ ಹಿಂದೆ, ಅವಳು ಮೇಜಿನ ಪಕ್ಕ ಚಾಪೆಯ ಮೇಲೆ. ನಮ್ಮಿಬ್ಬರ ಸುತ್ತ ನಿವೃತ್ತ ಮೇಷ್ಟ್ರು ಪಿಳ್ಳಯ್ಯನವರು ಪೇಪರ್ ಓದಿಕೊಂಡು ಸುತ್ತುತ್ತಿದ್ದರು. ಅವರು ದಿನಾ ಬರುತ್ತಾರೆ. ಎದುರಿಗೆ ಬಂದಾಗ ಓದಿದ್ದು ಕೇಳಿಸುತ್ತದೆ, ಹಿಂದೆ ಹೋದಾಗ ಕೇಳಿಸುವುದಿಲ್ಲ. ಹಾಗಾಗಿ ನಮಗೆ ಲೋಕದ ಸುದ್ದಿಯೆಲ್ಲ ಅರ್ಧರ್ಧವೇ ಗೊತ್ತು.

ನಾಲ್ಕನೇ ದಿನ ಊಟದ ಹೊತ್ತಿಗೆ ಮುಂಚೆ ಚಂಪಾ ಬಿಳಿ ಪಾಪ್ಲಿನ್ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ಜಾರಿ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಬಿತ್ತು.

ನಮ್ಮೂರಿನಲ್ಲಿ ಕೈ ಕೊಯ್ದರೆ ಏನಾಗುತ್ತದೆ? ಕುಂಕುಮದ ಬೊಟ್ಟಿನಷ್ಟು ನೆತ್ತರು ಮೇಲೆ ಬಂದು ಅಲ್ಲೇ ಗಟ್ಟಿಯಾಗುತ್ತದೆ, ಉಗುರಿನಲ್ಲಿ ಎಬ್ಬಿಸಿ ಬಿಸಾಡುತ್ತೇವೆ. ನನಗೆ ಆಗ ಐವತ್ತಾರು ವರ್ಷ. ನೆತ್ತರು ಹರಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಚಂಪಾಳ ಕೈಯಿಂದ ಅದು ಹರಿಯಿತು. ಬೆರಳಿನ ಮೇಲೆ, ಮುಂಗೈ ಮೇಲೆ, ಮೊಣಕೈಯಿಂದ ತೊಟ್ಟಿಕ್ಕಿ ಪಾಪ್ಲಿನ್ ಮೇಲೆ.

ಪಿಳ್ಳಯ್ಯನವರು ಪೇಪರ್ ಕೈಬಿಟ್ಟು, ನಡೆಯುವುದನ್ನೂ ಮರೆತು ನಿಂತರು. "ಲಚ್ಚಮ್ಮ! ಹರೀತಿದೆ! ಹರಿಯೋದು ಅಂದ್ರೆ ಇದೇ ನೋಡಿ!"

"ಒಂದು ಬಟ್ಟೆ ಕೊಡಿ ಲಚ್ಚಕ್ಕ, ಒತ್ತಿ ಹಿಡಿದ್ರೆ ನಿಲ್ಲುತ್ತೆ" ಅಂದಳು ಚಂಪಾ. ಅವಳಿಗೆ ಗಾಬರಿಯೇನೂ ಇರಲಿಲ್ಲ.

"ಯಾಕವ್ವ ನಿಲ್ಲಿಸ್ತೀಯ? ಎಂಥಾ ಪುಣ್ಯ ಮಾಡಿದ್ದೆ!" ಅಂದೆ ನಾನು. ಹೌದು, ನಾನೇ ಅಂದೆ. ನನ್ನ ಉಣುಗಿನ ಮಹಿಮೆ ಅಂತ ಹೆಮ್ಮೆಯಾಗಿತ್ತು, ಮುಚ್ಚಿಡುವುದೇಕೆ?

ಸುದ್ದಿ ಹೊರಗೆ ಹೋದದ್ದೇ ತಡ, ಹೊನ್ನಾಜಮ್ಮ ಓಡೋಡಿ ಬಂದಳು. ಸೊಸೆಯ ಕೈ ನೋಡಿ ಅವಳ ಕಣ್ಣಲ್ಲಿ ನೀರು ಬಂತು. "ನನ್ನ ಸೊಸೆ ಮೈಯಲ್ಲಿ ಹೊಳೆಯೇ ಹರೀತಿದೆಯಲ್ಲೇ! ನಾವು ಬರೀ ಬಾಯಲ್ಲಿ ಹರಸ್ತಿದ್ವಿ, ಇವಳಿಗೆ ಕೈಗೂಡಿದೆ!" ಅಂದಳು. ಯಾರೋ ಆರತಿ ತಟ್ಟೆ ತಂದರು. ಹೊನ್ನಾಜಮ್ಮ ಸೊಸೆಗೆ ಆರತಿ ಎತ್ತಿದಳು. ಹೆಂಗಸರು ಅಂಗಡಿಯೊಳಗೆ ತುಂಬಿಕೊಂಡು ಚಂಪಾಳ ಸುತ್ತ ಸುತ್ತುತ್ತಾ ಹಾಡತೊಡಗಿದರು. ಬಚ್ಚಲು ನೀರಿನ ಜಗಳದ ಪಕ್ಕದ ಮನೆಯವಳು ಕೂಡ ಮುನಿಸು ಬಿಟ್ಟು ಬಂದು, "ಹೊನ್ನಾಜಮ್ಮ, ನಿನಗೆ ಇಂಥಾ ಸೊಸೆ ಸಿಗಬೇಕಾದ್ರೆ ಏನು ನೋಂಪಿ ಮಾಡಿದ್ಯೋ" ಅಂದಳು.

ಚಂಪಾ ಸೆರಗಿನಲ್ಲಿ ಕೈ ಒತ್ತಿ ಹಿಡಿದಿದ್ದಳು. ಮೊದಲು ನಗುತ್ತಿದ್ದಳು, ಆಮೇಲೆ ನಗು ನಿಂತಿತು. "ಅತ್ತೆ, ಒತ್ತಿದ್ರೂ ನಿಲ್ತಾ ಇಲ್ಲ" ಅಂದಳು. ಹಾಡಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. "ಕಣ್ಣು ಕತ್ತಲೆ ಬರ್ತಿದೆ ಅತ್ತೆ."

ನನಗೆ ಕೇಳಿಸಿತು. ಆದರೆ ನನ್ನನ್ನು ಎಚ್ಚರಿಸಿದ್ದು ಅವಳ ಮಾತಲ್ಲ, ಪಾಪ್ಲಿನ್. ಬಟ್ಟೆ ಎಷ್ಟು ನೀರು ಕುಡಿಯುತ್ತದೆ ಅಂತ ದರ್ಜಿಗೆ ಗೊತ್ತಿರುತ್ತದೆ. ನಾಲ್ಕು ಮಡಿಕೆ ಮಾಡಿಟ್ಟಿದ್ದ ಬಟ್ಟೆ ಅದು. ಮೇಲಿನ ಮಡಿಕೆ ಕೆಂಪಾಗಿತ್ತು, ಎತ್ತಿ ನೋಡಿದರೆ ಕೆಳಗಿನದೂ ಕೆಂಪು, ಅದರ ಕೆಳಗಿನದೂ ಕೆಂಪು, ಚಾಪೆಯೂ ಕೆಂಪು. ತಲೆಯೆತ್ತಿ ಅವಳ ತುಟಿ ನೋಡಿದೆ. ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗಿತ್ತು. ಹೊಲಿಗೆಯಲ್ಲಿ ಒಂದು ಕೊಂಡಿ ಬಿಟ್ಟರೆ ಸಾಲೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಈ ಹುಡುಗಿ ನನ್ನ ಕಣ್ಣೆದುರಿಗೇ ಹಾಗೆ ಬಿಚ್ಚಿಕೊಳ್ಳುತ್ತಿದ್ದಾಳೆ ಅನ್ನಿಸಿತು. ಮೊಳೆಯ ಮೇಲಿನ ಕಾಗದ ನೋಡಿದೆ. "ಆದರೆ ಸಾಮಾನ್ಯರ ರಕ್ತದಲ್ಲಿ" ಅಂತಿತ್ತು. ಅದರ ಮುಂದಿನ ತೂತಿನಲ್ಲಿ ಗೋಡೆ ಕಾಣಿಸಿತು.

"ಹಾಡು ನಿಲ್ಸಿ!" ಅಂತ ಕೂಗಿದೆ. ನನ್ನ ದನಿ ನನಗೇ ಹೊಸದಾಗಿತ್ತು. "ಇದು ಪುಣ್ಯ ಅಲ್ಲ. ಇವಳು ಸಾಯ್ತಿದ್ದಾಳೆ."

ಹೊನ್ನಾಜಮ್ಮ ಆರತಿ ತಟ್ಟೆ ಕೆಳಗಿಟ್ಟಳು. "ಏನಂದೆ?"

"ನಮ್ಮ ನೆತ್ತರಲ್ಲಿ ಕತ್ತರಿ ಜಾಸ್ತಿ, ಹೊನ್ನಾಜಮ್ಮ. ಅದಕ್ಕೇ ಉಣುಗು ಬೇಕು. ಇವಳ ನೆತ್ತರಲ್ಲಿ ಎಷ್ಟು ಬೇಕೋ ಅಷ್ಟೇ ಇತ್ತು. ಅದರ ಬಾಯಿಗೂ ನಾನು ಚಿಂದಿ ತುರುಕಿಬಿಟ್ಟೆ. ತಪ್ಪು ನಂದು."

ಆಸ್ಪತ್ರೆ ನದಿಯಾಚೆ. ಬಸ್ಸು ಬರುವುದು ಸಂಜೆಗೆ. ಸಿದ್ಧರಾಜು ಕೂಡ ಆ ಬಸ್ಸಿಗೇ ಬರುವವನು. ನಾನು ಚಿಮಟ ತೆಗೆದುಕೊಂಡು ಚಂಪಾಳ ಮೀನಖಂಡದ ಹತ್ತಿರ ಬಗ್ಗಿದೆ. ಉಣುಗು ಹೆಸರುಕಾಳಿನಷ್ಟಾಗಿತ್ತು, ನೆಮ್ಮದಿಯಾಗಿ ಕುಡಿಯುತ್ತಿತ್ತು. ನಾನು ಏನು ಮಾಡಲು ಹೊರಟಿದ್ದೇನೆಂದು ಅರ್ಥವಾಗಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಪಿಳ್ಳಯ್ಯನವರು, "ಲಚ್ಚಮ್ಮ, ಊಟದ ನಡುವೆ..." ಅಂದರು. "ಎಬ್ಬಿಸ್ತೀನಿ" ಅಂದೆ. ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆದೆ. ನಾಲ್ಕು ಸಾವಿರದಲ್ಲಿ ನಾನು ಕಿತ್ತದ್ದು ಅದೊಂದೇ.

ಕಿತ್ತ ಮಾತ್ರಕ್ಕೆ ನೆತ್ತರು ನಿಲ್ಲಲಿಲ್ಲ. ಜೊಲ್ಲು ಆಗಲೇ ಮೈಯೆಲ್ಲ ಸೇರಿತ್ತು. ಇವಳ ಕತ್ತರಿಗಳಿಗೆಲ್ಲ ಬಾಯಿ ಕಟ್ಟಿದೆ, ಸರಿ. ಹಾಗಾದರೆ ಬೇರೆಯವರ ಕತ್ತರಿ ಯಾಕಾಗಬಾರದು? ಅದು ಹೊಳೆದಾಗ ನನಗೆ ನನ್ನ ಮೇಲಿದ್ದ ನಂಬಿಕೆ ಇಡಿಯಾಗಿ ವಾಪಸ್ಸು ಬಂತು. ತಪ್ಪು ಮಾಡಿದ್ದ ತಲೆಯೇ ಅದು, ಆದರೂ ಆ ಹೊತ್ತಿಗೆ ನನಗಿದ್ದ ತಲೆ ಅದೊಂದೇ ಅಲ್ಲವೇ?

"ನಮ್ಮಲ್ಲಿ ಎಲ್ಲರಿಗಿಂತ ಬೇಗ ಯಾರ ನೆತ್ತರು ಹೆಪ್ಪಾಗುತ್ತೆ?" ಅಂತ ಕೇಳಿದೆ.

ಕೇಳಬೇಕಾಗಿಯೇ ಇರಲಿಲ್ಲ. ಎಲ್ಲರೂ ಹೊನ್ನಾಜಮ್ಮನ ಕಡೆ ತಿರುಗಿದರು. ಅವಳ ನೆತ್ತರು ಸೂಜಿ ಚುಚ್ಚಿದ ತೂತಿನಿಂದ ಹೊರಗೆ ಬರುವ ಮುಂಚೆಯೇ ಗಟ್ಟಿಯಾಗುತ್ತದೆ ಅಂತ ಊರಿಗೆಲ್ಲ ಗೊತ್ತಿತ್ತು. ಜಿಪುಣತನದ ಜೊತೆ ಸೇರಿಸಿ ಎಷ್ಟೋ ಸಲ ಆಡಿಕೊಂಡಿದ್ದರು ಕೂಡ.

"ನನ್ನದು ಕೊಟ್ರೆ ಇವಳಿಗೆ ನಿಲ್ಲುತ್ತಾ?" ಅಂದಳು.

"ನಿಲ್ಲಬೇಕು."

"ಬೇಕು ಅಂದ್ರೆ?"

"ನಿಲ್ಲುತ್ತೆ. ಕೈ ಕೊಡು."

ಚಂಪಾಳನ್ನು ಎತ್ತಿ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆವು. ಗುಂಡಿ ಹೊಲಿಯುವ ದಪ್ಪ ಸೂಜಿಯಿಂದ ಹೊನ್ನಾಜಮ್ಮನ ತೋರುಬೆರಳು ಚುಚ್ಚಿದೆ. ಒಂದು ಹನಿ ಗಾಯಕ್ಕೆ ಬಿತ್ತು, ಕೊಚ್ಚಿಕೊಂಡು ಹೋಯಿತು. ಇನ್ನೊಂದು ಹನಿ ಹಿಂಡುವಷ್ಟರಲ್ಲಿ ಬೆರಳು ಮುಚ್ಚಿಕೊಂಡಿತ್ತು. ನಡುಬೆರಳು ಚುಚ್ಚಿದೆ, ಅದೂ ಮುಚ್ಚಿಕೊಂಡಿತು. ಉಂಗುರ ಬೆರಳು, ಕಿರುಬೆರಳು. "ಚುಚ್ಚು, ಚುಚ್ಚು, ನನ್ನ ಮುಖ ಏನು ನೋಡ್ತೀಯ" ಅನ್ನುತ್ತಿದ್ದಳು. ಎಡಗೈ ಮುಗಿದು ಬಲಗೈಗೆ ಬಂದೆ. ಆರನೇ ಹನಿಗೋ ಏಳನೇ ಹನಿಗೋ ಹರಿಯುತ್ತಿದ್ದದ್ದರ ನಡುವೆ ಒಂದು ಎಳೆ ಕಾಣಿಸಿತು. ಹಾಲಿಗೆ ಹೆಪ್ಪು ಬಿಟ್ಟಾಗ ಅಂಚಿನಲ್ಲಿ ಮೊದಲು ಕಾಣುವ ಗೆರೆಯ ಹಾಗೆ.

"ಈಗ ಹೆಬ್ಬೆರಳು. ಜೋರಾಗಿ ಚುಚ್ಚು. ಹಾಗೇ ಒತ್ತಿ ಹಿಡೀತೀನಿ" ಅಂದಳು ಹೊನ್ನಾಜಮ್ಮ. ಚುಚ್ಚಿದೆ. ಅವಳು ಹೆಬ್ಬೆರಳನ್ನು ಗಾಯದ ಮೇಲೆ ಮುದ್ರೆ ಒತ್ತಿದ ಹಾಗೆ ಒತ್ತಿದಳು. ಒತ್ತಿದ್ದು ಅಲ್ಲೇ ಅಂಟಿಕೊಂಡಿತು. ಅತ್ತೆಯ ಬೆರಳು, ಸೊಸೆಯ ಕೈ, ಎರಡಕ್ಕೂ ನಡುವೆ ಒಂದೇ ಹೆಪ್ಪು. ಈಗ ಬೆರಳು ತೆಗೆದರೆ ಗಾಯ ಮತ್ತೆ ಬಾಯಿ ಬಿಡುತ್ತದೆ.

ಆಗ ಪಿಳ್ಳಯ್ಯನವರು ಹೇಳಿದ್ದನ್ನು ನಾವು ಯಾರೂ ಯೋಚಿಸಿರಲಿಲ್ಲ. "ಆಕೆ ಎಷ್ಟು ಹೊತ್ತು ಹಾಗೆ ಅಲುಗಾಡದೆ ನಿಂತಿರ್ತಾರೆ?"

ನಿಂತಲ್ಲೇ ಹೆಜ್ಜೆ ಹಾಕಿದರೂ ಬೆರಳು ಜರುಗುತ್ತದೆ, ಅಲುಗಾಡಿದರೆ ಚಂಪಾ ಉಳಿಯುವುದಿಲ್ಲ. ಅಲುಗಾಡದಿದ್ದರೆ ಹೊನ್ನಾಜಮ್ಮ ಉಳಿಯುವುದಿಲ್ಲ. "ಅವಳಿಗೊಂದು ಉಣುಗು ಕೂರಿಸು" ಅಂದಳು ಪಕ್ಕದ ಮನೆಯವಳು. "ಕೂರಿಸಿದ್ರೆ ಇವಳ ಹೆಪ್ಪೂ ಕರಗಿಹೋಗುತ್ತೆ" ಅಂದೆ. ಹೊನ್ನಾಜಮ್ಮ ಮೇಜಿನ ಅಂಚಿಗೆ ಒರಗಿ ತನ್ನ ಪಾದಗಳನ್ನೇ ನೋಡುತ್ತಿದ್ದಳು. ಯಾರ ನೆನಪಾಗಿದೆ ಅಂತ ನನಗೆ ಗೊತ್ತಾಯಿತು.

"ಹೋದ್ರೆ ಹೋಗ್ತೀನಿ" ಅಂದಳು. "ನಂದು ಗೆಲ್ಲೋ ಆಟವಾದ್ರೂ ಆಗ್ಲಿ."

"ಯಾರೂ ಎಲ್ಲೂ ಹೋಗಲ್ಲ" ಅಂದೆ. "ನನ್ನ ಮಿಷನ್ ಇದೆ."

ನಾಲ್ಕು ಜನ ಸೇರಿ ಮಿಷನ್ ಎಳೆದು ಮೇಜಿಗೆ ತಾಗಿಸಿದೆವು. ಹೊನ್ನಾಜಮ್ಮನನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ಮೂವತ್ತು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಬೇರೆ ಯಾರೂ ಕೂತಿರಲಿಲ್ಲ. ಬರಿ ಮಿಷನ್ ಓಡಿಸಬಾರದು ಅಂತ ಮೊದಲೇ ಕತ್ತರಿಸಿ ಬದಿಗಿಟ್ಟಿದ್ದ ಪಾಪ್ಲಿನ್‌ನ ಒಂದು ಬಿಳಿ ತುಂಡನ್ನು ಸೂಜಿಯಡಿ ಇಟ್ಟೆ. "ತುಳಿ" ಅಂದೆ. ತುಳಿದಳು. ಮೊದಲ ಸಲ ತುಳಿಯುವವರೆಲ್ಲ ಮಾಡುವ ತಪ್ಪನ್ನೇ ಮಾಡಿದಳು, ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಕಿತ್ತಿತು.

"ಹಿಮ್ಮಡಿಯಿಂದ ಅಲ್ಲ, ಉಂಗುಟದಿಂದ!"

"ಬೈಬೇಡ್ವೇ, ಕಲೀತೀನಿ!"

ಪಿಳ್ಳಯ್ಯನವರು ಅವಳ ಸುತ್ತ ನಡೆಯುತ್ತಾ, "ಎಡ ಬಲ, ಎಡ ಬಲ" ಅಂತ ಶಾಲೆಯ ಡ್ರಿಲ್ ಹೇಳಿಕೊಟ್ಟರು. ಚಕ್ರ ಸರಿಯಾಯಿತು. ಅತ್ತೆಯ ಕಾಲು ಓಡುತ್ತಿತ್ತು, ಕೈ ಕಲ್ಲಿನ ಹಾಗೆ ನಿಂತಿತ್ತು. ಆದರೆ ಚಂಪಾ ಕಣ್ಣು ಮುಚ್ಚಿದ್ದಳು. ಬೆರಳಿನ ಅಂಚಿನಿಂದ ಒಂದು ಸಣ್ಣ ಗೆರೆ ಇನ್ನೂ ಇಳಿಯುತ್ತಿತ್ತು. ಹೊನ್ನಾಜಮ್ಮ ಅದನ್ನೇ ನೋಡುತ್ತಾ ತುಳಿದಳು, ಇನ್ನೂ ಜೋರಾಗಿ ತುಳಿದಳು. ಆಮೇಲೆ ಅವಳ ಬಾಯಿಂದ ಆ ಮಾತು ಬಂತು.

"ನಿಂತುಹೋಗ! ನಿನ್ನ ನೆತ್ತರು ನಿಂತುಹೋಗ ಕಣೇ! ನನ್ನವ್ವ, ನನ್ನ ಬಂಗಾರ, ನಿನ್ನ ನೆತ್ತರು ನಿಂತುಹೋಗ!"

ಯಾರೋ ಕಿವಿ ಮುಚ್ಚಿಕೊಂಡರು. ಅದೇ ಮಾತಿಗಾಗಿ ಇವಳನ್ನು ಪಂಚಾಯ್ತಿಗೆ ಎಳೆದಿದ್ದ ಪಕ್ಕದ ಮನೆಯವಳು ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಚಂಪಾಳ ಹಣೆಯ ಮೇಲೆ ಕೈಯಿಟ್ಟು ತಾನೂ ಅಂದಳು: "ನಿಂತುಹೋಗ, ಮಗಳೇ." ಆಮೇಲೆ ಇನ್ನೊಬ್ಬಳು ಅಂದಳು. ಆಮೇಲೆ ಎಲ್ಲರೂ ಅವಳ ಸುತ್ತ ಸುತ್ತುತ್ತಾ ನಮ್ಮೂರಿನ ಅತಿ ಕೆಟ್ಟ ಬೈಗುಳವನ್ನು ಜೋಗುಳದ ಹಾಗೆ ಹೇಳುತ್ತಾ ಹೋದರು.

ಗೆರೆ ತೆಳುವಾಯಿತು. ಮಣಿ ಮಣಿಯಾಯಿತು. ಕೊನೆಯ ಮಣಿ ಬೆರಳಿನ ಅಂಚಿನಲ್ಲಿ ನಿಂತು, ಬೀಳುತ್ತೇನೋ ಅಂತ ನಾವೆಲ್ಲ ನೋಡುತ್ತಿದ್ದಾಗ, ಹೊಳಪು ಕಳೆದುಕೊಂಡು ಗಟ್ಟಿಯಾಯಿತು.

ಸಂಜೆ ಬಸ್ಸು ಬರುವ ತನಕ ಹೊನ್ನಾಜಮ್ಮ ತುಳಿದಳು. ಬಾಬಿನ್ ದಾರ ನಾಲ್ಕು ಸಲ ಮುಗಿಯಿತು, ನಾಲ್ಕು ಸಲವೂ ತುಂಬಿದೆ. ಚಂಪಾಳಿಗೆ ಬೆಲ್ಲದ ನೀರು ಕುಡಿಸಿದೆ. ಹೊತ್ತು ಇಳಿಯುವಾಗ ಅವಳು ಕಣ್ಣು ಬಿಟ್ಟು ಮಿಷನ್ ಸದ್ದು ಕೇಳಿ ಪಕ್ಕಕ್ಕೆ ತಿರುಗಿದಳು. "ಅತ್ತೆ, ನೀವು ಕೂತಿದ್ದೀರ" ಅಂದಳು.

"ಹೂಂ ಕಣೇ. ಚೆನ್ನಾಗೇ ಇದೆ" ಅಂದಳು ಹೊನ್ನಾಜಮ್ಮ.

ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬೆರಳು ಬಿಡಿಸಿದೆ. ಗಾಯ ಬಾಯಿ ಬಿಡಲಿಲ್ಲ. ಸಿದ್ಧರಾಜು ಬಂದವನು ಅದೇ ಬಸ್ಸಿನಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಸೀಟಿಲ್ಲವಲ್ಲ, ಹೊನ್ನಾಜಮ್ಮ ತನ್ನ ಮನೆಯ ಹಸೆಮಣೆಯನ್ನೇ ಹೊತ್ತು ತಂದು ಹಾಕಿ ಸೊಸೆಯನ್ನು ಕೂರಿಸಿದಳು. ಹದಿಮೂರು ದಿನಕ್ಕೆ ವಾಪಸ್ಸು ಬಂದರು.

ಆ ಬಿಳಿ ತುಂಡು ಬಟ್ಟೆ ಈಗಲೂ ನನ್ನ ಹತ್ತಿರ ಇದೆ. ಯಾರೂ ಹಿಡಿದು ನಡೆಸದ ಹೊಲಿಗೆ. ಹೋದಲ್ಲಿ ಹೋಗಿ, ಬಂದಲ್ಲಿ ಬಂದು, ಸುತ್ತಿದಲ್ಲೇ ಸುತ್ತಿದೆ, ನಮ್ಮೂರಿನ ಜನ ನಡೆದ ಹಾಗೆಯೇ. ಕುಪ್ಪಸದ ಕತ್ತಿನ ಕಾಗದಕ್ಕೆ ಹಿಂದಿನಿಂದ ಬಿಳಿ ಹಾಳೆ ಅಂಟಿಸಿ, ತೂತಿನ ಜಾಗದಲ್ಲಿ ನನಗೆ ಈಗ ಗೊತ್ತಿರುವುದನ್ನು ನನ್ನದೇ ಕೈಬರಹದಲ್ಲಿ ಬರೆದಿದ್ದೇನೆ. ಹೊರಗಿನವರಿಗೆ ಉಣುಗು ಕೂರಿಸಕೂಡದು, ಅವರು ಹಾಗೇ ಕೂರಬಹುದು. ಯಾರ ಕಾಲು ನೋಡುವ ಮುಂಚೆಯೂ ಈಗ ಒಂದು ಸಲ ತಲೆಯೆತ್ತಿ ಅದನ್ನು ಓದುತ್ತೇನೆ. ನನ್ನ ಕೈಯ ಮೇಲಿನ ನಂಬಿಕೆಯೇನೂ ಕಡಿಮೆಯಾಗಿಲ್ಲ, ಅದಕ್ಕೆ ಓದಲು ಹಚ್ಚಿದ್ದೇನೆ ಅಷ್ಟೇ.

ಚಂಪಾ ದಿನಾ ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ, ಉಣುಗಿಲ್ಲದೆ. ದಾರಿಹೋಕರು ನಿಲ್ಲದೆಯೇ, "ಕೂತಿದ್ದೀಯೇನವ್ವಾ?" ಅನ್ನುತ್ತಾರೆ. "ಕೂತಿದ್ದೀನಿ" ಅನ್ನುತ್ತಾಳೆ. ಹೊನ್ನಾಜಮ್ಮ ಅಂಗಡಿಯ ಸುತ್ತ ಸುತ್ತುತ್ತಿರುತ್ತಾಳೆ. ಮೊದಲ ಸುತ್ತಿನಲ್ಲಿ, ಚಂಪಾ ಕತ್ತರಿ ಕೈಗೆತ್ತಿಕೊಳ್ಳುವ ಮುಂಚೆ, ಹೊಸ್ತಿಲ ಹತ್ತಿರ ಒಂದೇ ಒಂದು ಹೆಜ್ಜೆ ನಿಧಾನಿಸುತ್ತಾಳೆ. ಚಂಪಾ ಕೂತಲ್ಲಿಂದಲೇ ತಲೆ ಬಗ್ಗಿಸುತ್ತಾಳೆ.

"ನಿನ್ನ ನೆತ್ತರು ನಿಂತುಹೋಗ ಕಣವ್ವ" ಅಂತ ಹೊನ್ನಾಜಮ್ಮ ಅವಳ ನೆತ್ತಿ ಮುಟ್ಟಿ ಹರಸಿ, ಮುಂದಿನ ಸುತ್ತಿಗೆ ಹೊರಡುತ್ತಾಳೆ.